ಹೋಮ್ ರನ್ ಹೊಡೆದವಳನ್ನು ಔಟ್ ಕೊಡಬಹುದೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಅಮೆರಿಕದಲ್ಲಿ ಓದುತ್ತಿರುವ ಮಗಳನ್ನು ನೋಡಲು ಹೋಗಿದ್ದಾಗ ಅವಳ ಕಾಲೇಜಿನ ಸಾಫ್ಟ್‌ಬಾಲ್ ಪಂದ್ಯಕ್ಕೂ ಹೋಗಿದ್ದಿರಿ. ಇಬ್ಬರು ಔಟಾಗಿದ್ದರು, ಇಬ್ಬರು ಬೇಸ್‌ಗಳ, ಅಂದರೆ ಓಡುವವರು ಒಂದೊಂದಾಗಿ ಮುಟ್ಟಿ ಸಾಗಬೇಕಾದ ಗುರುತುಗಳ, ಮೇಲಿದ್ದರು. ಮಗಳ ಗೆಳತಿ ಚೆಂಡನ್ನು ಬೇಲಿಯಾಚೆ ಹೊಡೆದಳು. ಮೂವರೂ ಸುತ್ತಿ ಬಂದು, ಕುಣಿದಾಡಿ, ನೀರು ಕುಡಿಯುತ್ತಿರುವಾಗ ಎದುರು ತಂಡದವರು ಅಂಪೈರ್ ಬಳಿ ಏನೋ ಹೇಳಿದರು. ಅವರು ಮುಷ್ಟಿ ಎತ್ತಿ ಔಟ್ ಎಂದರು. ಮೊದಲ ಬೇಸ್ ಮುಟ್ಟಿಲ್ಲವಂತೆ. ಮೂರು ರನ್ನೂ ಹೋಯಿತು. ‘ಸಿಕ್ಸರ್ ಹೊಡೆದವರು ಓಡಲೇಬೇಕೇ? ಅಂಪೈರ್ ನೋಡಿದ್ದರೆ ಆಗಲೇ ಹೇಳಬೇಕಿತ್ತಲ್ಲವೇ? ತಪ್ಪು ಅವಳದಾದರೆ ಅವಳಿಗಿಂತ ಮುಂಚೆ ಬಂದು ಸೇರಿದ ಇಬ್ಬರು ಮಾಡಿದ ಪಾಪವೇನು?’ ಎಂದು ಕೇಳಿದ್ದೀರಿ.

ತೀರ್ಪು ಸರಿಯಾಗಿಯೇ ಇದೆ. ಮೂರೂ ರನ್ ಹೋದದ್ದೂ ಸರಿಯೇ. ನಾನು ಕರ್ನಾಟಕದಲ್ಲಿ ಕಾಲೇಜು ತಂಡಕ್ಕೆ ಮೂರು ವರ್ಷ ಸಾಫ್ಟ್‌ಬಾಲ್ ಆಡಿದವಳು. ಈಗ ಸಿಯಾಟಲ್ ಬಳಿ ಇದ್ದುಕೊಂಡು ವಾರಾಂತ್ಯಗಳಲ್ಲಿ ಹುಡುಗಿಯರ ಪಂದ್ಯಗಳಿಗೆ ಅಂಪೈರ್ ಆಗಿ ನಿಲ್ಲುತ್ತೇನೆ. ಆದ್ದರಿಂದ ಇದು ಬೈಸಿಕೊಳ್ಳುವ ಪಕ್ಷದವರ ಮಾತು ಎಂದು ಮೊದಲೇ ತಿಳಿಸಿಬಿಡುತ್ತೇನೆ.

ನಮ್ಮ ಕಣ್ಣು ಕ್ರಿಕೆಟ್ಟಿಗೆ ಒಗ್ಗಿದ ಕಣ್ಣು. ಚೆಂಡು ಹಗ್ಗ ದಾಟಿದರೆ ಬ್ಯಾಟ್ಸ್‌ಮನ್ ನಿಂತಲ್ಲೇ ನಿಂತು ಕೈಗವಸು ಸರಿಮಾಡಿಕೊಂಡರೂ ಆರು ರನ್ ಅವನದೇ. ಸಾಫ್ಟ್‌ಬಾಲ್‌ನಲ್ಲಿ ಬೇಲಿ ದಾಟಿದ ಚೆಂಡು ಆಟಗಾರ್ತಿಗೆ ಕೊಡುವುದು ನಾಲ್ಕು ಬೇಸ್‌ಗಳ ಹಕ್ಕನ್ನು ಮಾತ್ರ. ಯಾರೂ ಅವಳನ್ನು ತಡೆಯುವಂತಿಲ್ಲ, ಚೆಂಡು ತಾಗಿಸಿ ಔಟ್ ಮಾಡುವಂತಿಲ್ಲ. ಆದರೆ ಒಂದು ಬೇಸ್‌ನಿಂದ ಇನ್ನೊಂದಕ್ಕೆ 60 ಅಡಿಯಂತೆ ಒಟ್ಟು 240 ಅಡಿ ಸುತ್ತನ್ನು ಅವಳೇ ಮುಗಿಸಬೇಕು. ಮೂರು ಬೇಸ್‌ಗಳನ್ನೂ ಹೊಡೆದ ಜಾಗದಲ್ಲಿರುವ ಹೋಮ್ ಪ್ಲೇಟನ್ನೂ ಕ್ರಮವಾಗಿ ಮುಟ್ಟಬೇಕು. ನಡೆದುಕೊಂಡು ಹೋದರೂ ತಕರಾರಿಲ್ಲ.

ಸುತ್ತು ಮುಗಿಸದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಬೇಸ್‌ಬಾಲ್‌ನಲ್ಲಿ ಒಂದು ತಮಾಷೆಯ ಉದಾಹರಣೆ ಇದೆ. 1999ರ ಅಕ್ಟೋಬರ್ 17ರಂದು ನ್ಯೂಯಾರ್ಕ್‌ನಲ್ಲಿ ಮೆಟ್ಸ್ ಮತ್ತು ಅಟ್ಲಾಂಟಾ ಬ್ರೇವ್ಸ್ ತಂಡಗಳ ಪಂದ್ಯ. ಮಳೆಯಲ್ಲಿ ಎಳೆದೂ ಎಳೆದೂ 15ನೇ ಇನ್ನಿಂಗ್ಸಿಗೆ ಹೋಗಿತ್ತು. ಸ್ಕೋರು 3–3, ಮೂರೂ ಬೇಸ್‌ಗಳಲ್ಲಿ ಮೆಟ್ಸ್ ಓಟಗಾರರು. ರಾಬಿನ್ ವೆಂಚುರಾ ಚೆಂಡನ್ನು ಬೇಲಿಯಾಚೆ ಹೊಡೆದರು. ಅವರು ಎರಡನೆಯ ಬೇಸ್ ಮುಟ್ಟುವ ಮೊದಲೇ ಜೊತೆ ಆಟಗಾರರು ಮುತ್ತಿಕೊಂಡು ಎತ್ತಿ ಕುಣಿದಾಡಿದರು. ಸುತ್ತು ಪೂರ್ತಿಯಾಗಲೇ ಇಲ್ಲ. ದಾಖಲೆಯಲ್ಲಿ ಅದು ಒಂದು ಬೇಸಿನ ಹೊಡೆತ, ಅಂತಿಮ ಸ್ಕೋರು 4–3. ಗೆಲ್ಲಲು ಒಂದೇ ರನ್ ಸಾಕಿತ್ತಾದ್ದರಿಂದ ಎಲ್ಲರೂ ನಕ್ಕು ಸುಮ್ಮನಾದರು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಅಂಪೈರ್ ಏಕೆ ಸುಮ್ಮನಿದ್ದರು? ಇದು ಮೈದಾನದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬಾರಿ ಕೇಳಿರುವ ಪ್ರಶ್ನೆ. ವಯಸ್ಸು ಹತ್ತೊಂಬತ್ತಿದ್ದಾಗ ನಾನೂ ಕೇಳಿದ್ದೇನೆ. ಅಂತರ ಕಾಲೇಜು ಪಂದ್ಯ, ಕೆಮ್ಮಣ್ಣಿನ ಮೈದಾನ. ಬೇಸ್ ಎಂದರೆ ಮರಳು ತುಂಬಿ ಹೊಲಿದ ಗೋಣಿಚೀಲ. ಮಧ್ಯಾಹ್ನದ ಹೊತ್ತಿಗೆ ಅದೂ ನೆಲದ ಬಣ್ಣಕ್ಕೇ ತಿರುಗಿರುತ್ತಿತ್ತು. ಚೆಂಡನ್ನು ದೂರದ ಬೇವಿನ ಮರದ ಬುಡಕ್ಕೆ ಹೊಡೆದು ನಾಲ್ಕೂ ಬೇಸ್ ಸುತ್ತಿ ಬಂದು ಉಸಿರು ಬಿಡುತ್ತಿದ್ದೆ. ಎದುರು ತಂಡದ ಹುಡುಗಿಯೊಬ್ಬಳು ಅವಸರವೇ ಇಲ್ಲದೆ ಚೆಂಡು ಹಿಡಿದುಕೊಂಡು ಎರಡನೆಯ ಬೇಸಿಗೆ ನಡೆದು ಹೋಗಿ, ಅದರ ಮೇಲೆ ನಿಂತು, ಅಂಪೈರ್ ಕಡೆ ತಿರುಗಿ ಕೈ ತೋರಿಸಿದಳು. ಅವರು ನನ್ನನ್ನು ಔಟ್ ಎಂದರು. ನಮ್ಮ ಪಿ.ಇ. ಮೇಷ್ಟ್ರು ಚಪ್ಪಲಿ ಅಲ್ಲೇ ಬಿಟ್ಟು ಮೈದಾನಕ್ಕೆ ನುಗ್ಗಿದರು. ‘ನೀವು ನೋಡಿದ್ದರೆ ಆಗಲೇ ಏಕೆ ಹೇಳಲಿಲ್ಲ?’ ಎಂದರು. ಅಂಪೈರ್ ತಣ್ಣಗೆ, ‘ಆಗ ನನ್ನನ್ನು ಯಾರೂ ಕೇಳಲಿಲ್ಲವಲ್ಲ ಸಾರ್’ ಎಂದರು. ಅದನ್ನು ದುರಹಂಕಾರ ಎಂದುಕೊಂಡು ತಿಂಗಳುಗಟ್ಟಲೆ ಬೈದುಕೊಂಡು ತಿರುಗಿದ್ದೆವು. ಅದು ಸರಿಯಾದ ಉತ್ತರ ಎಂದು ಗೊತ್ತಾದದ್ದು ನಾನೇ ನಿಯಮ ಪುಸ್ತಕ ಹಿಡಿದ ಮೇಲೆ.

ಬೇಸ್ ತಪ್ಪಿಸುವುದು ಅಪೀಲಿನಿಂದ ಮಾತ್ರ ಔಟ್ ಆಗುವ ತಪ್ಪು. ಕ್ರಿಕೆಟ್‌ನಲ್ಲಿ ಓಟಗಾರ ಕ್ರೀಸ್ ಮುಟ್ಟದೆ ತಿರುಗಿದರೆ ‘ಒಂದು ರನ್ ಕಡಿಮೆ’ ಎಂದು ಅಂಪೈರೇ ಸೂಚಿಸುತ್ತಾರೆ. ನಿಮ್ಮ ಮನಸ್ಸು ಆ ನಿಯಮದ ಕಡೆ ಹೋಗಿದೆ. ಹೋಗಬೇಕಾದದ್ದು ಎಲ್‌ಬಿಡಬ್ಲ್ಯು ಕಡೆಗೆ. ಚೆಂಡು ನೇರ ವಿಕೆಟಿಗೆ ಹೋಗುತ್ತಿತ್ತು ಎಂದು ಅಂಪೈರಿಗೆ ನೂರಕ್ಕೆ ನೂರು ಅನ್ನಿಸಿದರೂ ಯಾರೂ ಕೂಗದಿದ್ದರೆ ಅವರು ಬೆರಳೆತ್ತುವಂತಿಲ್ಲ. ಇಲ್ಲಿಯೂ ಹಾಗೆಯೇ. ಓಟಗಾರ್ತಿಯ ಪಾದ ಎಲ್ಲಿ ಬಿತ್ತು ಎಂದು ನೋಡಿಕೊಳ್ಳುವುದು ಫೀಲ್ಡಿಂಗ್ ತಂಡದ ಕೆಲಸ. ಅಂಪೈರ್ ಬಾಯಿ ಬಿಟ್ಟರೆ, ಮುಖ ಸಿಂಡರಿಸಿದರೂ ಸಾಕು, ಒಂದು ತಂಡಕ್ಕೆ ಪುಕ್ಕಟೆ ಸಹಾಯ ಮಾಡಿದ ಹಾಗೆ. ಅಪೀಲಿಗೆ ಗಡುವೂ ಇದೆ: ಪಿಚರ್ ಮುಂದಿನ ಚೆಂಡು ಎಸೆಯುವುದರೊಳಗೆ ಕೇಳಬೇಕು. ಎಸೆದರೆ ಹಿಂದಿನದೆಲ್ಲ ಮಾಫಿ. ಬೇಸ್ ತಪ್ಪಿಸಿದವಳಿಗೂ ಹಿಂದಿರುಗಿ ಮುಟ್ಟಿ ಬರುವ ಅವಕಾಶ ಉಂಟು, ಆದರೆ ತಂಡದವರು ಕೂರುವ ಡಗ್ಔಟಿನೊಳಗೆ ಹೋಗಿ ಕುಳಿತ ಮೇಲೆ ಇಲ್ಲ. ನಿಮ್ಮ ಮಗಳ ಗೆಳತಿ ನೀರಿನ ಬಾಟಲಿ ಕೈಗೆತ್ತಿಕೊಳ್ಳುವ ಹೊತ್ತಿಗೆ ಆ ಬಾಗಿಲು ಮುಚ್ಚಿತ್ತು.

ಮುಂಚೆ ಬಂದ ಇಬ್ಬರ ಪಾಪವೇನು ಎಂದಿರಿ. ಪಾಪವೇನೂ ಇಲ್ಲ, ಲೆಕ್ಕ ಅಷ್ಟೇ. ಮೂವರು ಔಟಾದರೆ ತಂಡದ ಬ್ಯಾಟಿಂಗ್ ಸರದಿ ಮುಗಿಯುತ್ತದೆ. ಹೊಡೆದವಳು ಮೊದಲ ಬೇಸ್ ಸೇರುವ ಮುನ್ನ ಆ ಮೂರನೆಯ ಔಟ್ ಆದರೆ ಆ ಹೊಡೆತದಿಂದ ಯಾರಿಗೂ ರನ್ ಇಲ್ಲ. ಅಪೀಲಿನಲ್ಲಿ ‘ಮೊದಲ ಬೇಸ್ ಮುಟ್ಟಿಲ್ಲ’ ಎಂದು ತೀರ್ಮಾನವಾದರೆ ಅವಳು ಅಲ್ಲಿಗೆ ಬರಲೇ ಇಲ್ಲ ಎಂದು ಲೆಕ್ಕ. ಅವಳು ತಪ್ಪಿಸಿದ್ದು ಎರಡನೆಯ ಬೇಸ್ ಆಗಿದ್ದರೆ ಮುಂದಿದ್ದ ಇಬ್ಬರ ರನ್ ಉಳಿಯುತ್ತಿತ್ತು. ಒಬ್ಬಳೇ ಔಟಾಗಿದ್ದಾಗ ಇದು ನಡೆದಿದ್ದರೂ ಉಳಿಯುತ್ತಿತ್ತು. ಬೇಸ್‌ಬಾಲ್‌ನಲ್ಲಿ ಇದರ ದೊಡ್ಡಪ್ಪನಂಥ ಪ್ರಕರಣ 1908ರದು. ನ್ಯೂಯಾರ್ಕ್ ಜಯಂಟ್ಸ್ ತಂಡದ ಹತ್ತೊಂಬತ್ತರ ಹುಡುಗ ಫ್ರೆಡ್ ಮರ್ಕಲ್, ಗೆಲುವಿನ ರನ್ ಬಂತೆಂದು ಎರಡನೆಯ ಬೇಸ್ ಮುಟ್ಟದೆ ಹೊರಟುಬಿಟ್ಟ. ಅವನ ಔಟಿನಿಂದ ಆ ರನ್ ಅಳಿಸಿಹೋಯಿತು. ಪಂದ್ಯ ಮತ್ತೆ ನಡೆದು ಶಿಕಾಗೋ ಕಬ್ಸ್ ಗೆದ್ದಿತು. ಅಲ್ಲಿ ನಿಯಮದ ಎಳೆ ಸ್ವಲ್ಪ ಬೇರೆ, ಆದರೆ ಒಂದು ಹೆಜ್ಜೆ ಇನ್ನೊಬ್ಬನ ರನ್ನನ್ನು ಅಳಿಸುವುದು ಹೇಗೆ ಎಂದು ಅಲ್ಲಿಯೂ ಕಾಣುತ್ತದೆ.

ಇಷ್ಟು ನಿಮ್ಮ ಪ್ರಶ್ನೆಗೆ. ಆದರೆ ಕೊನೆಯಲ್ಲಿ ‘ಅಂಪೈರುಗಳಿಗೆ ನಿಯಮ ಗೊತ್ತಿರುತ್ತದೆಯೇ?’ ಎಂದು ಒಂದು ಕುಟುಕು ಸೇರಿಸಿದ್ದೀರಿ. ಎಲ್ಲ ಸಲವೂ ಗೊತ್ತಿರುವುದಿಲ್ಲ. ಕಾಲೇಜು ಸಾಫ್ಟ್‌ಬಾಲ್‌ನ ಅತ್ಯಂತ ಪ್ರಸಿದ್ಧ ಹೋಮ್ ರನ್ನಿನ ಹಿಂದೆ ಇರುವುದೇ ಅಂಪೈರುಗಳ ತಪ್ಪು.

2008ರ ಏಪ್ರಿಲ್ 26. ವಾಷಿಂಗ್ಟನ್ ರಾಜ್ಯದ ಎಲೆನ್ಸ್‌ಬರ್ಗ್. ನಾನಿರುವಲ್ಲಿಂದ ಘಟ್ಟ ಹತ್ತಿ ಇಳಿದರೆ ಎರಡು ಗಂಟೆಯ ದಾರಿ. ಯಾವಾಗ ಹೋದರೂ ಗಾಳಿ ಬೀಸುತ್ತಿರುವ ಬಯಲೂರು. ಅಲ್ಲಿನ ಸೆಂಟ್ರಲ್ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೂ ವೆಸ್ಟರ್ನ್ ಒರೆಗಾನ್ ವಿಶ್ವವಿದ್ಯಾಲಯಕ್ಕೂ ಪಂದ್ಯ. ಎರಡನೆಯ ಇನ್ನಿಂಗ್ಸ್, ಬೇಸ್‌ಗಳ ಮೇಲೆ ಇಬ್ಬರು. ಬ್ಯಾಟಿಂಗಿಗೆ ಬಂದದ್ದು ವೆಸ್ಟರ್ನ್ ಒರೆಗಾನ್‌ನ ಸಾರಾ ಟುಕೋಲ್‌ಸ್ಕಿ. ಐದಡಿ ಎರಡಂಗುಲದ ಹುಡುಗಿ, ಕೊನೆಯ ವರ್ಷದ ವಿದ್ಯಾರ್ಥಿನಿ. ಅದುವರೆಗೆ ಹೈಸ್ಕೂಲಿನಲ್ಲಾಗಲಿ ಕಾಲೇಜಿನಲ್ಲಾಗಲಿ ಒಂದು ಹೋಮ್ ರನ್ನನ್ನೂ ಹೊಡೆದಿರಲಿಲ್ಲ. ಅಂದು ಹೊಡೆದಳು. ಚೆಂಡು ಬೇಲಿ ದಾಟುವುದನ್ನು ನೋಡುತ್ತಾ ಓಡಿದವಳು ಮೊದಲ ಬೇಸ್ ಮುಟ್ಟುವುದನ್ನೇ ಮರೆತಳು, ನಿಮ್ಮ ಮಗಳ ಗೆಳತಿಯ ಹಾಗೆಯೇ. ಆದರೆ ಇವಳಿಗೆ ನಾಲ್ಕು ಹೆಜ್ಜೆ ದಾಟುವಷ್ಟರಲ್ಲಿ ನೆನಪಾಯಿತು. ಗಕ್ಕನೆ ತಿರುಗಿದಳು, ಮೊಣಕಾಲಿನ ಒಳಗಿನ ನಾರು ಹರಿಯಿತು. ತೆವಳಿಕೊಂಡು ಬಂದು ಮೊದಲ ಬೇಸನ್ನು ಅಪ್ಪಿ ಹಿಡಿದು ಬಿದ್ದುಕೊಂಡಳು.

ಅವಳ ತಂಡದ ಕೋಚ್ ಪ್ಯಾಮ್ ನಾಕ್ಸ್ ಅಂಪೈರುಗಳನ್ನು ಕೇಳಿದರು: ಈಗೇನು ಮಾಡಬೇಕು? ಸ್ವಂತ ತಂಡದವರು ಯಾರು ಮುಟ್ಟಿದರೂ ಅವಳು ಔಟ್ ಎಂಬ ಉತ್ತರ ಬಂತು. ಬದಲಿ ಓಟಗಾರ್ತಿಯನ್ನು ಇಳಿಸಬಹುದು, ಆದರೆ ಆಗ ಅದು ಒಂದು ಬೇಸಿನ ಹೊಡೆತ, ಎರಡೇ ರನ್. ಹುಡುಗಿಯ ಬಾಳಿನ ಒಂದೇ ಹೋಮ್ ರನ್ ದಾಖಲೆಯಿಂದ ಹೋಗುತ್ತದೆ. ಕೋಚ್ ಮನಸ್ಸು ಗಟ್ಟಿ ಮಾಡಿಕೊಂಡು ಬದಲಿಗೆ ಒಪ್ಪಲು ಹೊರಟಿದ್ದರು. ಅಷ್ಟರಲ್ಲಿ ಎದುರು ತಂಡದಲ್ಲಿ ಮೊದಲ ಬೇಸ್ ಕಾಯುತ್ತಿದ್ದ ಮ್ಯಾಲರಿ ಹೋಲ್ಟ್‌ಮನ್ ಬಂದು, ‘ನಾವು ಎತ್ತಿಕೊಂಡು ಹೋಗಬಹುದೇ?’ ಎಂದು ಕೇಳಿದಳು. ಅದನ್ನು ತಡೆಯುವ ನಿಯಮ ಇರಲಿಲ್ಲ. ಎದುರಾಳಿಗಳೇ ಹೊತ್ತು ಸುತ್ತಿಸಬಹುದು ಎಂದು ನಿಯಮ ಬರೆದವರಿಗೆ ಹೇಗೆ ಹೊಳೆಯಬೇಕು? ಹೋಲ್ಟ್‌ಮನ್ ಮತ್ತು ಲಿಜ್ ವಾಲೇಸ್ ಅವಳನ್ನು ಇಬ್ಬದಿಯಿಂದ ಎತ್ತಿಕೊಂಡು, ಪ್ರತಿ ಬೇಸಿನಲ್ಲೂ ಬಗ್ಗಿ, ಅವಳ ಎಡಪಾದವನ್ನು ಮೆಲ್ಲಗೆ ತಗುಲಿಸಿ, ಹೋಮ್ ಪ್ಲೇಟಿನವರೆಗೆ ಹೊತ್ತು ತಂದರು. ವೆಸ್ಟರ್ನ್ ಒರೆಗಾನ್ 4–2ರಿಂದ ಗೆದ್ದಿತು. ಹೊತ್ತವರ ತಂಡ ಪ್ಲೇಆಫ್ ಪೈಪೋಟಿಯಲ್ಲಿತ್ತು, ಆ ಆಸೆ ಅಲ್ಲಿಗೆ ಮುಗಿಯಿತು. ಅದೇ ವರ್ಷ ಕ್ರೀಡಾಲೋಕದ ಅತ್ಯುತ್ತಮ ಕ್ಷಣ ಎಂದು ಇದಕ್ಕೆ ಕ್ರೀಡಾ ವಾಹಿನಿ ಇಎಸ್‌ಪಿಎನ್ ಕೊಡುವ ಎಸ್ಪಿ (ESPY) ಪ್ರಶಸ್ತಿ ಬಂತು.

ವಿಡಿಯೊ ಹಂಚಿಕೊಳ್ಳುವವರು ಇಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಕುತೂಹಲ ಇದರಾಚೆಯದು. ಪಂದ್ಯ ಮುಗಿದ ಮೇಲೆ ಗೊತ್ತಾದದ್ದು, ಅಂಪೈರುಗಳು ಹೇಳಿದ ನಿಯಮ ತಪ್ಪಾಗಿತ್ತು. ಕಾಲೇಜು ಆಟಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ಪುಸ್ತಕದಲ್ಲಿ, ಬೇಸ್‌ಗಳ ಹಕ್ಕು ಸಿಕ್ಕಿದ ಓಟಗಾರ್ತಿ ಗಾಯಗೊಂಡು ಮುಂದೆ ಹೋಗಲಾಗದಿದ್ದರೆ ಬದಲಿಯವಳು ಬಂದು ಉಳಿದ ಬೇಸ್‌ಗಳನ್ನು ಮುಟ್ಟಿ ಸುತ್ತು ಪೂರ್ತಿ ಮಾಡಬಹುದು ಎಂದೇ ಇತ್ತು. ಬದಲಿ ಹುಡುಗಿಯೊಬ್ಬಳು ಓಡಿ ಬಂದಿದ್ದರೆ ಮೂರು ರನ್ನೂ ದಾಖಲಾಗುತ್ತಿತ್ತು. ಯಾರೂ ಯಾರನ್ನೂ ಹೊರಬೇಕಾಗಿರಲಿಲ್ಲ, ಇಂದು ಆ ಪಂದ್ಯ ಯಾರಿಗೂ ನೆನಪಿರುತ್ತಲೂ ಇರಲಿಲ್ಲ. ನಿಯಮ ಕ್ರೂರ, ಮನುಷ್ಯರು ದೊಡ್ಡವರು ಎಂದು ಈ ಕಥೆಯನ್ನು ಹೇಳುವಾಗಲೆಲ್ಲ ನನಗೆ ಪುಸ್ತಕದ ಮೇಲೆ ಕನಿಕರ ಹುಟ್ಟುತ್ತದೆ. ಅದನ್ನು ಬರೆದವರು ನೋವನ್ನು ಮುಂಚೆಯೇ ಯೋಚಿಸಿದ್ದರು. ಪುಟ ತಿರುವಿ ನೋಡುವವರು ಮಾತ್ರ ಅಂದು ಇರಲಿಲ್ಲ. ಆ ಅಂಪೈರುಗಳನ್ನು ನಾನು ಹಂಗಿಸುತ್ತಿಲ್ಲ; ಹುಡುಗಿಯೊಬ್ಬಳು ಕಣ್ಣೆದುರು ನರಳುತ್ತಿರುವಾಗ ಓದಿದ್ದು ತಲೆಯಿಂದ ಹೇಗೆ ಹಾರಿಹೋಗುತ್ತದೆ ಎಂದು ನಿಂತವರಿಗೇ ಗೊತ್ತು. ಆ ಪ್ರಕರಣ ಓದಿದ ಮೇಲೆ ನನ್ನ ಚೀಲದಲ್ಲಿ ಯಾವಾಗಲೂ ಪುಸ್ತಕ ಇರುತ್ತದೆ. ಎರಡು ಸಲ ಪಂದ್ಯದ ನಡುವೆ ತೆಗೆದು ನೋಡಿದ್ದೇನೆ, ಗ್ಯಾಲರಿಯಿಂದ ನಗೆ ಕೇಳಿಸಿದೆ.

ಹೀಗಾಗಿ ಮುಂದಿನ ಸಲ ಜಗಳಕ್ಕೆ ಇಳಿಯುವ ಮುನ್ನ ಯಾವ ಜಗಳ ಎಂದು ನೋಡಿಕೊಳ್ಳಿ. ಪಾದ ಬೇಸಿಗೆ ತಗುಲಿತೇ ಇಲ್ಲವೇ ಎನ್ನುವುದು ಅಂಪೈರ್ ಕಣ್ಣಿಗೆ ಬಿಟ್ಟ ಮಾತು. ಅದರ ಮೇಲೆ ಕೋಚ್ ದೂರು ದಾಖಲಿಸಲು ಬರುವುದಿಲ್ಲ. ತಗುಲದಿದ್ದರೆ ಏನಾಗಬೇಕು ಎನ್ನುವುದು ಪುಸ್ತಕದ ಮಾತು. ಅಲ್ಲಿ ಅಂಪೈರ್ ಎಡವಿದರೆ ಮುಂದಿನ ಚೆಂಡು ಬೀಳುವ ಮೊದಲು ಕೋಚ್ ಆಕ್ಷೇಪ ಎತ್ತಬಹುದು. ಎಲೆನ್ಸ್‌ಬರ್ಗಿನದು ಎರಡನೆಯ ಬಗೆ. ನಿಮ್ಮದು ಮೊದಲನೆಯ ಬಗೆ, ಪುಸ್ತಕ ತೆರೆದರೂ ಉಪಯೋಗವಿಲ್ಲ.

ನಿಜವಾಗಿ ಮುಟ್ಟಿದ್ದಳೇ ಇಲ್ಲವೇ ಎಂದು ತಿಳಿಯುವ ಆಸೆ ಇದ್ದರೆ, ಸ್ವಲ್ಪ ದಿನ ಕಳೆದ ಮೇಲೆ ಆ ಹುಡುಗಿಯನ್ನೇ ಕೇಳಿ. ಓಡುವವರಿಗೆ ಅಂಗಾಲಿನಲ್ಲಿ ಗೊತ್ತಾಗಿರುತ್ತದೆ. ಗೋಣಿಚೀಲದ ಅಂಚು ಬೂಟಿನ ಕೆಳಗೆ ಸಿಕ್ಕಾಗ ಮೆತ್ತಗೆ ಒಂದು ಒತ್ತು ಬರುತ್ತದೆ. ಅಂದು ಎರಡನೆಯ ಬೇಸಿನಲ್ಲಿ ನನಗೆ ಅದು ಬಂದಿರಲಿಲ್ಲ. ಚಪ್ಪಲಿ ಬಿಟ್ಟು ಓಡಿ ಬಂದ ನಮ್ಮ ಮೇಷ್ಟ್ರಿಗೆ ಇದನ್ನು ನಾನು ಇನ್ನೂ ಹೇಳಿಲ್ಲ.