ಡ್ರ್ಯಾಗನ್ ಸೋತದ್ದು ಯಾವ ಮನೆಯಲ್ಲಿ?

ಪ್ರಶ್ನೆ: ರಜೆಗೆ ಬಂದಿದ್ದ ಅಣ್ಣನ ಮಗ ತನ್ನ ಲ್ಯಾಪ್‌ಟಾಪಿನಲ್ಲಿ ‘ಆರ್ಕಾನ್’ ಎಂಬ ಹಳೆಯ ಆಟವನ್ನು ತೋರಿಸಿದ. ನೋಡಲು ಚದುರಂಗದಂತಿದ್ದರೂ ಎದುರಾಳಿಯ ಕಾಯಿಯಿರುವ ಮನೆಗೆ ನಡೆದರೆ ಕಾಯಿ ತಾನಾಗಿ ಬೀಳುವುದಿಲ್ಲ, ಎರಡೂ ಕಾದಾಡಬೇಕು. ನನ್ನ ಡ್ರ್ಯಾಗನ್ ಒಬ್ಬ ಸಾಮಾನ್ಯ ನೈಟ್‌ನ ಕತ್ತಿಗೆ ಬಲಿಯಾಯಿತು. ಎಲ್ಲವೂ ಕೈಚಳಕದಿಂದಲೇ ತೀರ್ಮಾನವಾಗುವುದಾದರೆ ಯೋಚಿಸಿ ನಡೆಸುವುದಕ್ಕೆ ಅರ್ಥವೇನು?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಡ್ರ್ಯಾಗನ್ ಸತ್ತದ್ದು ಯಾವ ಬಣ್ಣದ ಮನೆಯಲ್ಲಿ ಎಂಬುದನ್ನು ತಾವು ಬರೆದಿಲ್ಲ; ಈ ಆಟದ ಮರ್ಮವೆಲ್ಲ ಇರುವುದು ಅಲ್ಲಿಯೇ. ಜಾನ್ ಫ್ರೀಮನ್, ಆನ್ ವೆಸ್ಟ್‌ಫಾಲ್ ಮತ್ತು ಪಾಲ್ ರೈಕಿ ರೂಪಿಸಿದ ಆರ್ಕಾನ್ 1983ರಲ್ಲಿ ಅಟಾರಿ ಗಣಕಕ್ಕಾಗಿ ಬಂದಿತು. ಒಂಬತ್ತಕ್ಕೆ ಒಂಬತ್ತು ಮನೆಗಳ ಹಾಸಿನಲ್ಲಿ ಬೆಳಕು ಮತ್ತು ಕತ್ತಲೆಯ ಪಕ್ಷಗಳಿಗೆ ತಲಾ 18 ಕಾಯಿಗಳಿರುತ್ತವೆ. ಕೆಲವು ಮನೆಗಳು ಸದಾ ಬಿಳಿ, ಕೆಲವು ಸದಾ ಕಪ್ಪು. ಉಳಿದವು ಆಟ ಸಾಗಿದಂತೆ ಮಬ್ಬಾಗುತ್ತ, ಮತ್ತೆ ಬೆಳಗುತ್ತ ಬಣ್ಣ ಬದಲಿಸುತ್ತಲೇ ಇರುತ್ತವೆ. ಕಾದಾಟಕ್ಕಿಳಿದ ಕಾಯಿಯ ಆಯುಷ್ಯವು ಆ ಹೊತ್ತಿಗೆ ಆ ಮನೆಯ ಬಣ್ಣ ಯಾರ ಪಕ್ಷದ್ದೋ ಅದಕ್ಕೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಆದ್ದರಿಂದ ಕತ್ತಲೆಯ ಪಕ್ಷದ ಡ್ರ್ಯಾಗನ್ ಬಿಳಿ ಮನೆಯಲ್ಲಿ ನಿಂತ ನೈಟ್‌ನ ಮೇಲೆ ಬಿದ್ದರೆ ತನ್ನ ಬಲದ ದೊಡ್ಡ ಪಾಲನ್ನು ಹಿಂದೆ ಬಿಟ್ಟು ಹೋದಂತೆಯೇ ಸರಿ. ಹಿಂದಿನ ಕಾಳಗದ ಗಾಯವೂ ಒಡನೆ ಮಾಯುವುದಿಲ್ಲವಾದ್ದರಿಂದ, ಗೆದ್ದು ಬಂದ ಕಾಯಿಯನ್ನು ಮರುನಡೆಯಲ್ಲೇ ಮುಂದೆ ತಳ್ಳುವುದು ಅಪಾಯಕರ.

ಕೈಚಳಕ ಬೇಡವೆಂದು ನಾನು ಹೇಳಲಾರೆ. ಕತ್ತಿ ಹಿಡಿದ ನೈಟ್ ಮೈಗೆ ಮೈ ತಾಗುವಷ್ಟು ಹತ್ತಿರ ಬರಲೇಬೇಕು. ಡ್ರ್ಯಾಗನ್ ದೂರದಿಂದಲೇ ಬೆಂಕಿ ಉಗುಳಬಲ್ಲದು, ಆದರೆ ಒಮ್ಮೆ ಉಗುಳಿದ ಮೇಲೆ ಮತ್ತೊಮ್ಮೆ ಉಗುಳಲು ತುಸು ಕಾಯಬೇಕು. ಆ ಬಿಡುವಿನಲ್ಲಿಯೇ ನೈಟ್ ಒಳನುಗ್ಗುತ್ತಾನೆ. ಕಾದಾಟದ ಕಣದಲ್ಲಿ ಅಡ್ಡವಿರುವ ತಡೆಗಳೂ ಸ್ಥಿರವಲ್ಲ. ಗಟ್ಟಿಯಾಗಿದ್ದು ಬೆಂಕಿಯನ್ನು ತಡೆದದ್ದೇ ಸ್ವಲ್ಪ ಹೊತ್ತಿಗೆ ಕರಗಿ ದಾರಿ ಬಿಡುತ್ತದೆ. ಆದರೂ ಯಾವ ಮನೆಯಲ್ಲಿ, ಯಾವ ಹೊತ್ತಿನಲ್ಲಿ, ಯಾವ ಕಾಯಿಯಿಂದ ಜಗಳ ತೆಗೆಯಬೇಕೆಂಬುದನ್ನು ನಿರ್ಧರಿಸುವುದು ಕೈಯಲ್ಲ, ತಲೆ. ಯೋಚನೆಗೂ ಕಾಳಗಕ್ಕೂ ಇಷ್ಟು ನ್ಯಾಯವಾದ ನಂಟು ಬೆಸೆದ ಆಟಗಳು ವಿರಳವೆಂದೇ ನನ್ನ ಅಭಿಪ್ರಾಯ.

ಗೆಲ್ಲಲು ಎಲ್ಲರನ್ನೂ ಕೊಲ್ಲಬೇಕೆಂದೂ ಇಲ್ಲ. ಹಾಸಿನ ನಟ್ಟನಡುವೆ ಒಂದು, ನಾಲ್ಕು ಅಂಚುಗಳ ಮಧ್ಯದಲ್ಲಿ ಒಂದೊಂದು, ಹೀಗೆ ಐದು ಶಕ್ತಿಸ್ಥಾನಗಳಿವೆ. ಐದನ್ನೂ ಹಿಡಿದವರಿಗೆ ಜಯ. ಅಲ್ಲಿ ನಿಂತ ಕಾಯಿಗೆ ಮಾಂತ್ರಿಕ ಕಾಯಿಗಳು ಹಾಕುವ ಮಂತ್ರ ತಟ್ಟುವುದಿಲ್ಲ, ಗಾಯವೂ ಬೇಗ ಮಾಯುತ್ತದೆ. ಇವುಗಳಲ್ಲಿ ಮೂರು ಬಣ್ಣ ಬದಲಿಸುವ ಮನೆಗಳಾಗಿರುವುದರಿಂದ ಕಪ್ಪು ಕವಿಯುವವರೆಗೆ ತಾವು ತಾಳ್ಮೆಯಿಂದ ಕಾಯುವುದು ಲೇಸು.

ಆಗುಂಬೆಯ ಕಡೆಯ ಮಳೆಗೆ ಕರೆಂಟು ಹೋದ ಸಂಜೆ ಹಾಳೆಯ ಮೇಲೆ ಹಾಸನ್ನು ಬರೆದು ಆ ಐದು ಮನೆಗಳನ್ನು ಗುರುತಿಸಿಕೊಳ್ಳಿ. ಮುಂದಿನ ಸಲ ಗಣಕದ ಬದಲು ಅಣ್ಣನ ಮಗನನ್ನೇ ಎದುರಾಳಿಯಾಗಿ ಕೂರಿಸಿಕೊಂಡು, ಡ್ರ್ಯಾಗನ್ನನ್ನು ಕಪ್ಪು ಮನೆಯಲ್ಲಿಯೇ ಕಾಳಗಕ್ಕೆ ಇಳಿಸಿ.