ಹೆದರಿದವರೂ ಬರೆಯಲಿ, ಆಕಳಿಸಿದವರೂ ಬರೆಯಲಿ

ಪ್ರಿಯ ಓದುಗರೇ,

ನಿಮ್ಮ ಪತ್ರದಲ್ಲಿ ಬೇಸರವಿದೆ. ಸೈನ್ಸ್ ಫಿಕ್ಷನ್ ಮತ್ತು ಹಾರರ್ ಕಾದಂಬರಿಗಳ ಬಗ್ಗೆ ಓದುಗರ ಅಭಿಪ್ರಾಯಗಳನ್ನು ನಾವು ಪುಟಗಟ್ಟಲೆ ಹಾಕುತ್ತೇವೆ. ಒಬ್ಬರು ನಿದ್ದೆ ಬರಲಿಲ್ಲ ಅಂದರೆ, ಅದೇ ಪುಸ್ತಕಕ್ಕೆ ಇನ್ನೊಬ್ಬರು ಆಕಳಿಸಿದೆ ಅನ್ನುತ್ತಾರೆ. ಅದನ್ನು ನಂಬಿ ‘ಸೋಲಾರಿಸ್’ ಓದಿದಿರಿ, ಕೊನೆಯ ಪುಟ ಮುಗಿದರೂ ಏನೂ ತಿಳಿಯಲಿಲ್ಲ. ಇದರ ಬದಲು ಬಲ್ಲವರಿಂದ ವಿಮರ್ಶೆ ಬರೆಸಬಾರದೇ ಎಂದು ಕೇಳಿದ್ದೀರಿ. ಎರಡು ಬಗೆಯ ಪುಸ್ತಕಗಳನ್ನು ಒಂದೇ ಅಂಕಣದಲ್ಲಿ ಯಾಕೆ ಸೇರಿಸಿದಿರಿ ಎಂಬ ಪ್ರಶ್ನೆಯೂ ಇದೆ.

ಆಕಳಿಕೆಯ ಮಾತನ್ನೇ ಮೊದಲು ತೆಗೆದುಕೊಳ್ಳುತ್ತೇನೆ. 1897ರ ‘ಡ್ರಾಕುಲಾ’ ಬಗ್ಗೆ ನಮಗೆ ಬಂದ ಎರಡು ಪತ್ರ ನೋಡಿ. ಮೊದಲ ನಾಲ್ಕು ಅಧ್ಯಾಯ ಮುಗಿದ ಮೇಲೆ ಕೌಂಟ್ ಡ್ರಾಕುಲಾ, ಅಂದರೆ ಆ ರಕ್ತ ಹೀರುವ ಪಿಶಾಚಿ, ಕಣ್ಣಿಗೆ ಬೀಳುವುದೇ ಅಪರೂಪ, ಬರೀ ಡೈರಿ, ಪತ್ರ, ಟೆಲಿಗ್ರಾಂ ಓದಿ ಸಾಕಾಯ್ತು ಎಂದು ಒಬ್ಬರು ಬರೆದರು. ಅವನು ಕಾಣಿಸುವುದಿಲ್ಲ, ಅದಕ್ಕೇ ಪ್ರತಿ ಡೈರಿಯ ಪುಟದಲ್ಲೂ ಅವನು ಹತ್ತಿರ ಬಂದ ಹಾಗಾಯಿತು ಎಂದು ಇನ್ನೊಬ್ಬರು. ಇಬ್ಬರೂ ಗಮನಿಸಿದ್ದು ಒಂದನ್ನೇ ಅಲ್ವಾ? ಭಯ ಪುಸ್ತಕದಲ್ಲಿ ಅರ್ಧ ಇರುತ್ತದೆ, ಉಳಿದರ್ಧ ಓದುವವರಲ್ಲಿ. ಎಷ್ಟು ದೊಡ್ಡ ವಿಮರ್ಶಕರಾದರೂ ಒಬ್ಬರೇ ಎರಡೂ ಕಡೆ ನಿಂತು ಹೇಳಲಾರರು. ಎರಡು ಪತ್ರವನ್ನೂ ಓದಿದವರಿಗೆ ಈ ಪುಸ್ತಕ ತಮಗೆ ಹಿಡಿಸುತ್ತದೆಯೋ ಇಲ್ಲವೋ ಗೊತ್ತಾಗುತ್ತದೆ.

ನಿಮ್ಮ ದೂರಿನಲ್ಲಿ ನಿಜವೂ ಇದೆ. ‘ಸೂಪರ್’, ‘ಬೋರು’ ಅಂತ ಸುಮ್ನೆ ಬರೆದರೆ ಅದು ಅಭಿಪ್ರಾಯವಲ್ಲ. ಅಂಥವನ್ನು ನಾವು ಹಾಕುವುದಿಲ್ಲ. ಎಲ್ಲಿ ಹೆದರಿದಿರಿ, ಎಲ್ಲಿ ನಂಬಿಕೆ ಬಿಟ್ಟುಹೋಯಿತು, ಅದನ್ನು ಬರೆಯಬೇಕು. ‘ಡ್ರಾಕುಲಾ’ದಲ್ಲಿ ಕೌಂಟ್‌ನ ಕೋಟೆಗೆ ಬಂದ ಜೊನಾಥನ್ ಕ್ಷೌರ ಮಾಡಿಕೊಳ್ಳುವಾಗ ಹಿಂದೆಯೇ ನಿಂತ ಕೌಂಟ್ ಕನ್ನಡಿಯಲ್ಲಿ ಕಾಣಿಸದೇ ಇದ್ದದ್ದು ನನಗೆ ರಕ್ತಕ್ಕಿಂತ ಜಾಸ್ತಿ ನಡುಕ ತಂದಿತು ಎಂದು ಬರೆದವರಿದ್ದಾರೆ. ಇಂಥ ಒಂದು ಸಾಲಿಗಾಗಿ ನಾನು ಹತ್ತಾರು ಪತ್ರಗಳನ್ನು ಸಂತೋಷದಿಂದ ಓದುತ್ತೇನೆ.

ಇನ್ನು ಒಂದೇ ಅಂಕಣದ ಮಾತು. ಇವೆರಡನ್ನು ಬಿಡಿಸುವುದು ಸುಲಭವಲ್ಲ. 1816ರ ಬೇಸಿಗೆಯಲ್ಲಿ ಜಿನೀವಾ ಸರೋವರದ ಹತ್ತಿರ ಬಿಡದೆ ಮಳೆ. ಮನೆಯೊಳಗೆ ಸಿಕ್ಕಿಕೊಂಡ ಗೆಳೆಯರು ತಲೆಗೊಂದು ದೆವ್ವದ ಕಥೆ ಬರೆಯೋಣ ಅಂದುಕೊಂಡರು. ಆಗ ಮೇರಿ ಶೆಲ್ಲಿಗೆ 18 ವರ್ಷ. ಆಕೆ ಶುರುಮಾಡಿದ ಕಥೆಯೇ 1818ರಲ್ಲಿ ‘ಫ್ರಾಂಕೆನ್‌ಸ್ಟೈನ್’ ಆಗಿ ಬಂತು. ಅದರಲ್ಲಿ ದೆವ್ವವಿಲ್ಲ. ರಸಾಯನಶಾಸ್ತ್ರ ಓದಿ, ಹಗಲು ರಾತ್ರಿ ಪ್ರಯೋಗ ಮಾಡಿ ಜೀವ ಕೊಡುವ ವಿಕ್ಟರ್ ಎಂಬ ಯುವಕ ಇದ್ದಾನೆ. ಸೈನ್ಸ್ ಫಿಕ್ಷನ್ ಇಲ್ಲಿಂದಲೇ ಶುರು ಎನ್ನುವವರು ಬಹಳ ಮಂದಿ. ಆದರೆ ಆ ಜೀವ ಹೇಗೆ ಕೊಟ್ಟೆ ಎಂಬುದನ್ನು ವಿಕ್ಟರ್ ಕೊನೆಯವರೆಗೂ ಬಾಯಿಬಿಡುವುದಿಲ್ಲ. ‘ಹೇಗೆ’ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಷ್ಟೂ ಸೈನ್ಸ್ ಫಿಕ್ಷನ್ ಓದುಗರಿಗೆ ಖುಷಿ. ಅದೇ ಉತ್ತರ ಹಾರರ್‌ನಲ್ಲಿ ಬೇಗ ಸಿಕ್ಕರೆ ಭಯ ಅಲ್ಲೇ ಇಳಿದುಹೋಗುತ್ತದೆ. ಲೇಖಕರು ಎಷ್ಟು ಹೇಳಬೇಕು, ಎಷ್ಟು ಬಚ್ಚಿಡಬೇಕು? ನಮ್ಮ ಓದುಗರ ಜಗಳವೆಲ್ಲ ಇದರ ಮೇಲೇ.

ನಿಮ್ಮ ‘ಸೋಲಾರಿಸ್’ ಬೇಸರವೂ ಇಲ್ಲೇ ಬರುತ್ತದೆ. 1961ರ ಆ ಕಾದಂಬರಿಯಲ್ಲಿ ಸ್ಟಾನಿಸ್ಲಾವ್ ಲೆಮ್ ಒಂದು ಗ್ರಹದ ಸಾಗರವನ್ನು ತಲೆಮಾರುಗಳ ವಿಜ್ಞಾನಿಗಳ ಮುಂದಿಟ್ಟಿದ್ದಾರೆ. ಅವರು ಕಪಾಟು ಕಪಾಟು ಪುಸ್ತಕ ಬರೆಯುತ್ತಾರೆ, ಆದರೆ ಸಾಗರ ಅರ್ಥವಾಗುವುದಿಲ್ಲ. ನಿಮಗೆ ಏನೂ ತಿಳಿಯಲಿಲ್ಲ ಅಂದಿರಲ್ಲ, ಅಲ್ಲಿನ ವಿಜ್ಞಾನಿಗಳ ಪಾಡೂ ಅದೇ. ಅದು ಪುಸ್ತಕದ ಸೋಲು ಎಂದು ನೀವು ವಾದಿಸಬಹುದು. ನನಗೆ ಅದೇ ಅದರ ಶಕ್ತಿ. ವಿಜ್ಞಾನದ ಕಥೆಯೊಂದು ಮನುಷ್ಯನ ಬುದ್ಧಿಯ ಅಂಚಿಗೆ ಬಂದು ನಿಲ್ಲುವುದು ನನ್ನಲ್ಲಿ ಯಾವ ಪಿಶಾಚಿಯೂ ಹುಟ್ಟಿಸದ ಭಯ ಹುಟ್ಟಿಸಿತು. ಒಪ್ಪದಿದ್ದರೆ ದಯವಿಟ್ಟು ಬರೆಯಿರಿ, ಯಾವ ಅಧ್ಯಾಯದಲ್ಲಿ ಕೈಬಿಟ್ಟಿತು ಎಂಬುದನ್ನೂ ಸೇರಿಸಿ. ಖಂಡಿತ ಹಾಕುತ್ತೇವೆ.

ವಿಮರ್ಶೆ ಬೇಕೆಂಬ ನಿಮ್ಮ ಸಲಹೆ ಒಪ್ಪಿದ್ದೇವೆ. ಮುಂದಿನ ಸಂಚಿಕೆಯಿಂದ ಒಂದೊಂದು ಕಾದಂಬರಿಗೆ ವಿಮರ್ಶೆ ಇರುತ್ತದೆ. ಓದುಗರ ಅಂಕಣ ಅದರ ಪಕ್ಕದಲ್ಲೇ ಮುಂದುವರಿಯುತ್ತದೆ. ಕಥೆಯ ಕೊನೆಯನ್ನು ಬಿಟ್ಟುಕೊಡುವ ಸಾಲುಗಳಿಗೆ ಮಾತ್ರ ಎರಡರಲ್ಲೂ ಕತ್ತರಿ ಬೀಳುತ್ತದೆ.

– ಸಂಪಾದಕ