ಕೈದಿಗಳ ಓದಿಗೆ ನಮ್ಮ ತೆರಿಗೆ ದುಡ್ಡು ಯಾಕೆ?

"ತಪ್ಪು ಮಾಡಿ ಒಳಗೆ ಹೋದವರ ಓದಿಗೆ ನಮ್ಮ ತೆರಿಗೆ ದುಡ್ಡು ಯಾಕೆ? ಬಡವರ ಮಕ್ಕಳಿಗೆ ಕೊಡಬಾರದಾ?" ಎಂದು ಕೇಳಿದ್ದೀರಿ. ನಾನು ಮೈಸೂರಿನ ನಿವೃತ್ತ ಮೇಷ್ಟ್ರು. ಈ ಸೀಮೆಯ ಒಂದು ಜೈಲಿನಲ್ಲಿ ಎರಡು ವರ್ಷ ಅಕ್ಷರ ಕಲಿಸಿದ್ದೇನೆ. ಕೈದಿಗಳ ಓದಿಗೂ ಕೊಡಲೇಬೇಕು ಅನ್ನುವುದು ನನ್ನ ಉತ್ತರ.

ನನ್ನ ತರಗತಿಯಲ್ಲಿ ಮದ್ದೂರು ಕಡೆಯ ರೈತರೊಬ್ಬರಿದ್ದರು. ವಯಸ್ಸು ಐವತ್ತು ದಾಟಿತ್ತು. ಅಲ್ಲಿಯವರೆಗೂ ಹೆಬ್ಬೆಟ್ಟೇ ಅವರ ರುಜು. ತಮ್ಮ ಕೇಸಿನ ಕಾಗದದಲ್ಲಿ ಏನಿದೆ ಅಂತ ಪಕ್ಕದವರನ್ನು ಕೇಳಬೇಕಿತ್ತು. ಮೂರು ವಾರವಾದರೂ 'ರ' ಯಾವುದು, 'ಠ' ಯಾವುದು ಗೊತ್ತಾಗಲಿಲ್ಲ. "ನನ್ನ ತಲೆಗೆ ಹತ್ತಲ್ಲ, ಬಿಡಿ ಮೇಷ್ಟ್ರೇ" ಅನ್ನುತ್ತಿದ್ದರು. ಒಂದು ದಿನ ನೋಡಿದರೆ ಪುಸ್ತಕವನ್ನು ತೋಳುದ್ದ ದೂರ ಹಿಡಿದಿದ್ದಾರೆ! 'ಠ' ಒಳಗಿನ ಚುಕ್ಕೆ ಅವರಿಗೆ ಕಾಣುತ್ತಲೇ ಇರಲಿಲ್ಲ. ದೇವರಾಜ ಮಾರುಕಟ್ಟೆ ಹತ್ತಿರ 150 ರೂಪಾಯಿಗೆ ಒಂದು ಚಾಳೀಸು ತಂದು, ಜೈಲಿನವರ ಒಪ್ಪಿಗೆ ಪಡೆದು ಕೊಟ್ಟೆ. ಯುಗಾದಿ ಹೊತ್ತಿಗೆ ಮಗಳಿಗೆ ನಾಲ್ಕು ಸಾಲಿನ ಕಾಗದ ಬರೆದರು. ಎರಡು ಕಡೆ ಒತ್ತಕ್ಷರ ತಪ್ಪಿತ್ತು, ತಿದ್ದಲು ಮನಸ್ಸಾಗಲಿಲ್ಲ. ನೀವು ಹೇಳುವ ಬಡವರ ಮಕ್ಕಳಲ್ಲಿ ಆ ಮಗಳೂ ಒಬ್ಬಳು.

ಹಾಗಾಗಿ ಈ ಖರ್ಚು ಅಂದರೆ ದೊಡ್ಡ ಕಟ್ಟಡವಲ್ಲ. ಚಾಳೀಸು, ನೋಟ್‌ಬುಕ್ಕು, ಪರೀಕ್ಷೆ ಶುಲ್ಕ, ತಪ್ಪದೆ ಬರುವ ಮೇಷ್ಟ್ರು. ಜಾಸ್ತಿ ದುಡ್ಡು ಈ ಕೊನೆಯದಕ್ಕೇ ಬೇಕು. ನಾವು ಪುಕ್ಕಟೆ ಹೋಗುವವರು, ಮನೆಯಲ್ಲಿ ಮದುವೆ ಬಂದರೆ ತಿಂಗಳು ಬಿಡುತ್ತೇವೆ. ಸಂಬಳದ ಮೇಷ್ಟ್ರಿದ್ದರೆ ಪಾಠ ನಿಲ್ಲುವುದಿಲ್ಲ.

'ತಪ್ಪು ಮಾಡಿದವರು' ಅಂದಿರಿ. 2022ರ ಸರ್ಕಾರಿ ಅಂಕಿ ಅಂಶ ನೋಡಿ, ದೇಶದ ಜೈಲುಗಳಲ್ಲಿ ನೂರಕ್ಕೆ 75ಕ್ಕೂ ಹೆಚ್ಚು ಜನ ವಿಚಾರಣಾಧೀನ ಕೈದಿಗಳು. ಅವರ ತಪ್ಪು ಇನ್ನೂ ಸಾಬೀತಾಗಿಲ್ಲ. ಜಾಮೀನು ಸಿಕ್ಕಿದ ದಿನ ಅವರ ಓದು ಅರ್ಧಕ್ಕೇ ನಿಲ್ಲುತ್ತದೆ. ಹೊರಗೂ ಮುಂದುವರಿಸಲು ಮುಕ್ತ ವಿಶ್ವವಿದ್ಯಾಲಯವೇ ಸರಿ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ 1994ರಲ್ಲೇ ತಿಹಾರ್ ಜೈಲಿನಲ್ಲಿ ಅಧ್ಯಯನ ಕೇಂದ್ರ ತೆರೆಯಿತು. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ನಮ್ಮ ಮೈಸೂರಿನ ಮುಕ್ತಗಂಗೋತ್ರಿಯಲ್ಲೇ ಇದೆ, ಅಲ್ವಾ?

ಅದೇ 1994ರಲ್ಲಿ ಅಮೆರಿಕ ತನ್ನ ಕೈದಿಗಳ ಕಾಲೇಜು ಓದಿಗೆ ಕೊಡುತ್ತಿದ್ದ 'ಪೆಲ್' ಸಹಾಯಧನ ನಿಲ್ಲಿಸಿತು. ಆಮೇಲೆ 2013ರಲ್ಲಿ ರ‍್ಯಾಂಡ್ ಎಂಬ ಅಲ್ಲಿನ ಸಂಶೋಧನಾ ಸಂಸ್ಥೆಯ ಅಧ್ಯಯನ ಬಂತು. ಜೈಲಿನ ಓದಿಗೆ ಹಾಕಿದ 1 ಡಾಲರ್, ಬಿಡುಗಡೆಯಾದ ಮೇಲಿನ ಮೊದಲ ಮೂರು ವರ್ಷದಲ್ಲಿ ಮತ್ತೆ ಜೈಲಿಗೆ ಬರುವವರ ಖರ್ಚಿನಲ್ಲಿ 4ರಿಂದ 5 ಡಾಲರ್ ಉಳಿಸುತ್ತದೆ ಎಂದಿತು. ಓದಲು ಬರುವವರು ಮೊದಲೇ ಬದಲಾಗುವ ಮನಸ್ಸಿನವರಿರಬಹುದು, ಅದು ನಿಜ. ಆ ಮನಸ್ಸಿದ್ದಾಗಲೇ ಪುಸ್ತಕ ಕೈಗೆ ಸಿಗಬೇಕು ಅನ್ನುತ್ತೇನೆ ನಾನು. 2023ರಲ್ಲಿ ಆ ಸಹಾಯಧನ ಪೂರ್ತಿ ವಾಪಸ್ ಬಂತು.

ನೊಂದ ಕುಟುಂಬಗಳ ಸಂಕಟ ನಾನು ಮರೆತಿಲ್ಲ. ಅವರ ಪರಿಹಾರ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಮೂಲಕ ಸಿಗುತ್ತದೆ, ತಡವಾಗದೆ ಸಿಗಬೇಕು. ಅದಕ್ಕಿಟ್ಟ ದುಡ್ಡನ್ನು ಇಲ್ಲಿಗೆ ತನ್ನಿ ಅಂತ ಯಾರೂ ಕೇಳುತ್ತಿಲ್ಲ.

ನೀವೂ ಏನಾದರೂ ಕೊಡುವ ಹಾಗಿದ್ದರೆ ಹಳೇ ಪತ್ರಿಕೆಗಳ ಕಟ್ಟು ಸುಮ್ನೆ ಕಳಿಸಬೇಡಿ. ಜೈಲಿನ ಅಧೀಕ್ಷಕರಿಗೆ ಒಂದು ಪತ್ರ ಬರೆದು ಏನು ಬೇಕು ಅಂತ ಕೇಳಿ. ಚಾಳೀಸು ಎಷ್ಟು ಜನಕ್ಕೆ ಬೇಕು ಅಂತಲೂ ಕೇಳಿ.